ಮೈಕೈ ನೋವಿಗೆ ಪೊಟ್ಟಣದ ಮದ್ದು: ಎಷ್ಟು ನಿಜ, ಎಷ್ಟು ಅಪಾಯ?



ನಮ್ಮ ಉದ್ಯಮಕ್ಕೆ ಮೈಕೈ ನೋವು ಹೊಸದಲ್ಲ. ಕಾವಲಿ ಮುಂದೆ ನಿಲ್ಲುವವನಿಗೆ ಸೊಂಟ, ಪಾತ್ರೆ ಎತ್ತುವವನಿಗೆ ಭುಜ, ಗಲ್ಲಾದಲ್ಲಿ ಕೂರುವ ನಮಗೆ ಮೊಣಕಾಲು. ಹಿಂದೆ ಎಣ್ಣೆ ತಿಕ್ಕಿ ಬಿಸಿನೀರು ಸುರಿದುಕೊಂಡು ಮಲಗುತ್ತಿದ್ದೆವು. ಈಗ ಹುಡುಗರು ಮೆಡಿಕಲ್ ಅಂಗಡಿಯಿಂದ ವಿಟಮಿನ್ ಡಿ ಪೊಟ್ಟಣ ತಂದು ಹಾಲಿಗೆ ಹಾಕಿ ಕುಡಿಯುತ್ತಾರೆ. ಜಿಮ್ಮಿಗೆ ಹೋಗುವವರು ಸಂಬಳದ ದುಡ್ಡಿನಲ್ಲಿ ಪ್ರೋಟೀನ್ ಡಬ್ಬ ತರುತ್ತಾರೆ. ಇದರ ಬಗ್ಗೆ ಮಾಲೀಕರಾದ ನಾವು ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದು.

ವಿಟಮಿನ್ ಡಿ ಮುಖ್ಯವಾಗಿ ಬಿಸಿಲಿನಿಂದ ಬರುತ್ತದೆ. ಬಿಸಿಲು ಚರ್ಮಕ್ಕೆ ಬಿದ್ದಾಗ ಅದು ತಯಾರಾಗಿ, ಯಕೃತ್ತು ಮತ್ತು ಮೂತ್ರಪಿಂಡದಲ್ಲಿ ಹದಗೊಂಡು ಕೆಲಸಕ್ಕೆ ಬರುತ್ತದೆ. ನಾವು ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಇದು ಬೇಕೇ ಬೇಕು. ತೀರಾ ಕಡಿಮೆಯಾದರೆ ಮೂಳೆ ನೋವು, ತೊಡೆಯಲ್ಲಿ ಶಕ್ತಿ ಇಲ್ಲದಿರುವುದು, ಕುಕ್ಕರಗಾಲಲ್ಲಿ ಕೂತವನಿಗೆ ಏಳಲು ಕಷ್ಟ, ಇವೆಲ್ಲ ಕಾಣಿಸುತ್ತವೆ. ಗಾಜಿನ ಹಿಂದೆ ಕೂತರೆ ಬೆಳಕು ಬರುತ್ತದೆ, ಆದರೆ ವಿಟಮಿನ್ ಮಾಡುವ ಕಿರಣ ಬರುವುದಿಲ್ಲ. ಗಲ್ಲಾದವರು ಇದನ್ನು ನೆನಪಿಡಬೇಕು.

ಬಿಸಿಲಿನ ದೇಶದಲ್ಲಿ ಕೊರತೆ ಎಲ್ಲಿಂದ ಎಂದು ಕೇಳಬಹುದು. 2000ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ಬಯಲಲ್ಲಿ ದುಡಿಯುವ ಸೈನಿಕರಿಗಿಂತ ಒಳಗೆ ಕೆಲಸ ಮಾಡುವ ವೈದ್ಯರು, ದಾದಿಯರಲ್ಲಿ ಈ ವಿಟಮಿನ್ ಬಹಳ ಕಡಿಮೆ ಇತ್ತು. ಬೆಳಗಿನ ಜಾವ ಅಡುಗೆಮನೆ ಹೊಕ್ಕು ರಾತ್ರಿ ಹೊರಬರುವ ನಮ್ಮ ಹುಡುಗರ ಪಾಡೂ ಅದೇ ಅಲ್ಲವೇ?

ಹಾಗಾದರೆ ಎಲ್ಲರೂ ಪೊಟ್ಟಣ ಕುಡಿಯಬೇಕೇ? ಬೇಡ. ಕೊರತೆ ಇದ್ದವನಿಗೆ ಅದು ಮದ್ದು. ಇಲ್ಲದವನಿಗೆ ಅದರಿಂದ ಸ್ನಾಯುವಿನ ದಣಿವು ಬೇಗ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅರ್ಧ ಜನರಿಗೆ ದಿನಕ್ಕೆ 2,000 ಯೂನಿಟ್‌ನಂತೆ ಐದು ವರ್ಷ ಕೊಟ್ಟರು. ಮೂಳೆ ಮುರಿತ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು.

ಅಪಾಯ ಇರುವುದು ಪ್ರಮಾಣದಲ್ಲಿ. ನಮ್ಮ ದೇಶದ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು. ಅಂಗಡಿಯಲ್ಲಿ ಸಿಗುವ ಪೊಟ್ಟಣದಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರುತ್ತದೆ, ಅಂದರೆ ನೂರು ದಿನದ್ದು! ವೈದ್ಯರು ಅದನ್ನು ವಾರಕ್ಕೊಂದರಂತೆ ಕೆಲವು ವಾರ ಬರೆಯುತ್ತಾರೆ. ದಿನಾ ಕುಡಿಯುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡದ ಕಲ್ಲು, ಮೂತ್ರಪಿಂಡಕ್ಕೇ ಹಾನಿ ಆಗಬಹುದು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 70 ದಾಟಿದ 200 ಮಂದಿಯ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಂಗಳಿಗೆ 60,000 ಯೂನಿಟ್ ಪಡೆದವರು 24,000 ಪಡೆದವರಿಗಿಂತ ಹೆಚ್ಚಾಗಿ ಬಿದ್ದರು. ಹೆಚ್ಚು ಕೊಟ್ಟರೆ ಹೆಚ್ಚು ಶಕ್ತಿ ಎಂಬ ಲೆಕ್ಕ ಇಲ್ಲಿ ನಡೆಯದು.

ಇನ್ನು ಪ್ರೋಟೀನ್ ಪುಡಿ. ದಣಿದ ಸ್ನಾಯು ಸರಿಹೋಗಲು ಪ್ರೋಟೀನ್ ಬೇಕು, ನಿಜ. 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ. ಆದರೆ ಬೇಳೆ, ಕಾಳು, ಮೊಸರು, ಮೊಟ್ಟೆ ಇರುವ ಊಟದಲ್ಲೇ ಅದು ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿ ಬೇಡ ಎಂದೇ ಹೇಳಿದೆ.

ನಾವು ಮಾಡಬಹುದಾದದ್ದು ಇಷ್ಟು:

1. ತಿಂಡಿಯ ಗಲಾಟೆ ಮುಗಿದು ಊಟ ಶುರುವಾಗುವ ಮೊದಲು, 11 ಗಂಟೆ ಹೊತ್ತಿಗೆ, ಸರದಿಯಂತೆ ಇಬ್ಬಿಬ್ಬರನ್ನು ಅರ್ಧ ಗಂಟೆ ಹೊರಗೆ ಬಿಸಿಲಿಗೆ ಬಿಡಿ. ವಿಟಮಿನ್ ಹುಟ್ಟುವುದು ಎಳೆ ಬಿಸಿಲಲ್ಲಿ ಅಲ್ಲ, ನಡುಹಗಲ ಬಿಸಿಲಲ್ಲಿ.

2. ಸಿಬ್ಬಂದಿ ಊಟಕ್ಕೆ ನೀರು ಸಾರು ಬೇಡ. ಗಟ್ಟಿ ಬೇಳೆ, ಮೊಸರು, ವಾರಕ್ಕೆರಡು ಸಲ ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ತಿನ್ನುವವರಿಗೆ ಬಂಗುಡೆ, ಮೊಟ್ಟೆ ಒಳ್ಳೆಯದು.

3. ಎ ಮತ್ತು ಡಿ ವಿಟಮಿನ್ ಸೇರಿಸಿದ ಹಾಲು, ಎಣ್ಣೆ ಸಿಗುತ್ತದೆ. ಪೊಟ್ಟಣದ ಮೇಲೆ ‘ಪ್ಲಸ್ ಎಫ್’ ಗುರುತು ನೋಡಿ ಕೊಳ್ಳಿ.

4. ನೋವು ವಾರಗಟ್ಟಲೆ ಬಿಡದಿದ್ದರೆ ವೈದ್ಯರಲ್ಲಿಗೆ ಕಳಿಸಿ. ಅವರು ರಕ್ತ ಪರೀಕ್ಷೆ ಮಾಡಿಸಿ ಹೇಳಿದಷ್ಟೇ ಪೊಟ್ಟಣ ಕುಡಿಯಲಿ.

ಎಲ್ಲಕ್ಕಿಂತ ದೊಡ್ಡ ಮದ್ದು ನಿದ್ದೆ. ರಾತ್ರಿ ಹನ್ನೆರಡಕ್ಕೆ ಶಟರ್ ಎಳೆದವನನ್ನೇ ನಾಲ್ಕಕ್ಕೆ ಎಬ್ಬಿಸಿದರೆ ಯಾವ ವಿಟಮಿನ್ನೂ ಅವನ ನೋವು ತೆಗೆಯದು. ಊರು ಬಿಟ್ಟು ನಮ್ಮನ್ನು ನಂಬಿ ಬಂದ ಹುಡುಗರು ಗಟ್ಟಿಮುಟ್ಟಾಗಿದ್ದರೆ ತಾನೇ ನಮ್ಮ ಹೋಟೆಲೂ ನಡೆಯುವುದು?