ಅಂಧ-ಪಂಗು ನ್ಯಾಯವೂ ವಿದ್ಯುನ್ಮಾನ ಶಾಸ್ತ್ರದ ಉದಯವೂ

ಲೋಕದಲ್ಲಿ ಮಹತ್ಕಾರ್ಯವೊಂದು ನಡೆದಾಗ ಅದಕ್ಕೆ ಒಬ್ಬನೇ ಕರ್ತೃವನ್ನು ಹುಡುಕುವುದು ನಮ್ಮ ವಾಡಿಕೆಯಾಗಿದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಈ ವಾಡಿಕೆಯನ್ನೇ ಪೋಷಿಸುತ್ತವೆ. ಇಂಥ ಯಂತ್ರವನ್ನು ಕಂಡುಹಿಡಿದವರು ಯಾರು ಎಂದು ಕೇಳಿದಾಗ ಒಂದೇ ಹೆಸರನ್ನು ಬರೆದ ಬಾಲಕನಿಗೆ ಅಂಕ ದೊರೆಯುತ್ತದೆ. ಎರಡು ಹೆಸರುಗಳನ್ನು ಬರೆದವನು ಸಂಶಯಕ್ಕೆ ಗುರಿಯಾಗುತ್ತಾನೆ. ಆದರೆ ವಿದ್ಯುನ್ಮಾನ ಶಾಸ್ತ್ರದ ಚರಿತ್ರೆಯನ್ನು ಕೊಂಚ ಆಳವಾಗಿ ಪರಿಶೀಲಿಸಿದವರಿಗೆ ಒಂದೇ ಹೆಸರಿನ ಉತ್ತರವು ಬಹುಮಟ್ಟಿಗೆ ಅರ್ಧಸತ್ಯವೆಂಬುದು ವಿದಿತವಾಗುತ್ತದೆ.

ಸಾಂಖ್ಯ ದರ್ಶನದಲ್ಲಿ ಅಂಧ-ಪಂಗು ನ್ಯಾಯವೆಂಬುದೊಂದುಂಟು. ಕುರುಡನಿಗೆ ನಡೆಯುವ ಶಕ್ತಿಯಿದೆ, ದಾರಿ ಕಾಣದು. ಕುಂಟನಿಗೆ ದಾರಿ ಕಾಣುತ್ತದೆ, ನಡೆಯಲಾರ. ಕುಂಟನು ಕುರುಡನ ಹೆಗಲೇರಿದಾಗ ಇಬ್ಬರೂ ಊರು ಸೇರುತ್ತಾರೆ. ಪ್ರಕೃತಿ-ಪುರುಷರ ಸಂಯೋಗವನ್ನು ತಿಳಿಸಲು ಹುಟ್ಟಿದ ಈ ದೃಷ್ಟಾಂತವು ಪ್ರಕೃತ ವಿಷಯಕ್ಕೂ ಯಥೋಚಿತವಾಗಿ ಸಲ್ಲುತ್ತದೆ. ಸಿದ್ಧಾಂತವನ್ನು ಬಲ್ಲವನೂ ಉಪಕರಣವನ್ನು ಕಟ್ಟಬಲ್ಲವನೂ ಕೂಡಿದಲ್ಲದೆ ಈ ಶಾಸ್ತ್ರವು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಕನ್ನಡ ಪಂಡಿತನಾದ ನಾನು ಭೌತಶಾಸ್ತ್ರದ ಅಧ್ಯಾಪಕರ ಕ್ಷೇತ್ರವನ್ನು ಪ್ರವೇಶಿಸಿರುವುದು ಈ ಒಂದು ಅಂಶವನ್ನು ನಿರೂಪಿಸುವುದಕ್ಕಾಗಿಯೇ.

ಮೊದಲಿಗೆ ಗಾಜಿನ ಕೊಳವೆಯ ಕಥೆಯನ್ನು ನೋಡೋಣ. ಜರ್ಮನಿಯ ಬಾನ್ ನಗರದಲ್ಲಿ ಪ್ಲೂಕರ್ ಎಂಬ ಪ್ರಾಧ್ಯಾಪಕರಿದ್ದರು. ಗೈಸ್ಲರ್ ಎಂಬ ಗಾಜಿನ ಕುಶಲಕರ್ಮಿಯೂ ಇದ್ದನು. ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಬಹುಮಟ್ಟಿಗೆ ಹೊರಗೆಳೆಯುವ ಪಾದರಸದ ಪಂಪನ್ನು ಈ ಕುಶಲಕರ್ಮಿಯು ನಿರ್ಮಿಸಿ, 1857ರ ಸುಮಾರಿಗೆ ಲೋಹದ ತುದಿಗಳನ್ನು ಬೆಸೆದ ಕೊಳವೆಗಳನ್ನು ಪ್ರಾಧ್ಯಾಪಕರಿಗೆ ಒದಗಿಸಿದನು. ಅವುಗಳಲ್ಲಿ ವಿದ್ಯುತ್ತನ್ನು ಹರಿಸಿ ಅಲ್ಲಿ ಹೊಳೆಯುವ ಪ್ರಭೆಯನ್ನು ಪ್ಲೂಕರ್ ಅಭ್ಯಸಿಸಿದರು. ಅದೇ ಪರಂಪರೆಯ ಕೊಳವೆಗಳನ್ನು ಬಳಸಿ 1897ರಲ್ಲಿ ಕೇಂಬ್ರಿಜ್‌ನ ಜೆ. ಜೆ. ತಾಮ್ಸನ್‌ರವರು ಎಲೆಕ್ಟ್ರಾನಿನ ಇರವನ್ನು ಸ್ಥಾಪಿಸಿದರು. ತಾಮ್ಸನ್‌ರ ಮತಿ ಎಷ್ಟು ಹರಿತವೋ ಅವರ ಕೈಚಳಕ ಅಷ್ಟೇ ಕಡಮೆ. ಅವರ ಕೊಳವೆಗಳನ್ನು ಊದಿ ರೂಪಿಸಿಕೊಟ್ಟವನು ಎಬನೀಜರ್ ಎವರೆಟ್ ಎಂಬ ಸಹಾಯಕ. 1906ರಲ್ಲಿ ನೊಬೆಲ್ ಪಾರಿತೋಷಕವು ತಾಮ್ಸನ್‌ರಿಗೆ ಸಂದಿತು. ಎವರೆಟ್‌ನ ಹೆಸರು ಇಂದು ಚರಿತ್ರಕಾರರಿಗೆ ಮಾತ್ರ ಗೊತ್ತು. ನಮ್ಮ ದೇಶದಲ್ಲಿಯೂ ಆಚಾರ್ಯ ಜಗದೀಶಚಂದ್ರ ಬೋಸರು 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರು ಉದ್ದದ ವಿದ್ಯುತ್ಕಾಂತ ತರಂಗಗಳನ್ನು ಉತ್ಪಾದಿಸಿದಾಗ, ಅವರ ಉಪಕರಣಗಳನ್ನು ತಯಾರಿಸಿದವನು ಅವರೇ ತಿದ್ದಿ ಪಳಗಿಸಿದ ಒಬ್ಬ ತಗಡಿನ ಕೆಲಸಗಾರ.

ಎಲೆಕ್ಟ್ರಾನನ್ನು ಗುರುತಿಸಿದ್ದಾಯಿತು, ಅದನ್ನು ಆಳುವ ಬಗೆ ಹೇಗೆ? 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್‌ರವರು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ನಿರ್ವಾತ ಕೊಳವೆಯನ್ನು ರಚಿಸಿದರು. ಇದಕ್ಕೆ ಮೂಲವು ಎಡಿಸನ್‌ರು 1880ರ ದಶಕದಲ್ಲಿ ತಮ್ಮ ದೀಪದ ಬುರುಡೆಯೊಳಗೆ ಕಂಡು, ಕಾರಣವನ್ನು ವಿವರಿಸದೆ ಬಿಟ್ಟಿದ್ದ ಒಂದು ವಿಚಿತ್ರ ಪರಿಣಾಮ. ಎಡಿಸನ್ ಸಂಸ್ಥೆಗೆ ಲಂಡನ್ನಿನಲ್ಲಿ ಸಲಹೆಗಾರರಾಗಿದ್ದು, ಬಳಿಕ ಮಾರ್ಕೋನಿಯವರ ಸಂಸ್ಥೆಯನ್ನು ಸೇರಿದ ಫ್ಲೆಮಿಂಗ್‌ರು ಆ ಹಳೆಯ ಕಾಣ್ಕೆಯನ್ನು ಹೊಸ ಕಾರ್ಯಕ್ಕೆ ಹೂಡಿದರು. 1906ರಲ್ಲಿ ಅಮೆರಿಕದ ಡಿ ಫಾರೆಸ್ಟ್‌ರು ಅದರೊಳಗೆ ಮತ್ತೊಂದು ತಂತಿಯನ್ನು ಸೇರಿಸಿದರು.

ಈ ಮೂರನೆಯ ತಂತಿಯ ಮಹಿಮೆಯನ್ನು ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆಯ ರೈತಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತದೆ. ತೂಬಿನ ಹಲಗೆಯನ್ನು ಎತ್ತಿ ಇಳಿಸಲು ಒಬ್ಬನ ತೋಳ್ಬಲ ಸಾಕು. ಅದರಿಂದ ಗದ್ದೆಗೆ ನುಗ್ಗುವ ನೀರಿನ ಬಲವು ಆ ತೋಳ್ಬಲಕ್ಕಿಂತ ಎಷ್ಟೋ ಮಡಿ ಹೆಚ್ಚಿನದು. ಆ ನಡುವಣ ತಂತಿಯು ಕೊಳವೆಯ ತೂಬು. ದೂರದಿಂದ ಬಂದ ಕ್ಷೀಣವಾದ ಸಂಕೇತವು ಅದನ್ನು ಎತ್ತಿ ಇಳಿಸುತ್ತದೆ. ಆ ಏರಿಳಿತಕ್ಕೆ ಅನುಸಾರವಾಗಿ ಕೊಳವೆಯೊಳಗಿನ ದೊಡ್ಡ ಪ್ರವಾಹವು ಹೆಚ್ಚು ಕಡಮೆಯಾಗುತ್ತದೆ. ಹೀಗೆ ಕಿರುದನಿಯು ಹಿರಿದನಿಯಾಯಿತು. ರೇಡಿಯೋ ಮನೆಮನೆಯಲ್ಲಿ ಮಾತನಾಡಿತು.

ಆ ಮಾತು ನಮ್ಮ ಸೀಮೆಯಲ್ಲಿ ಮೊದಲು ಹೊರಟದ್ದು ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನಿಂದ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠಲವಿಹಾರದಲ್ಲಿ 30 ವಾಟ್ ಶಕ್ತಿಯ ಪ್ರೇಷಕವನ್ನು ಸ್ಥಾಪಿಸಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಇಂದಿನ ಒಂದು ಸಾಧಾರಣ ದೀಪದ ಶಕ್ತಿಯಷ್ಟೇ ಅದರ ಶಕ್ತಿ. ಆ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತು. ಅದನ್ನು ಸೂಚಿಸಿದವರು ಸಾಹಿತಿ ನಾ. ಕಸ್ತೂರಿಯವರೆಂದು ಪ್ರತೀತಿ. 1942ರಲ್ಲಿ ಮೈಸೂರು ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ ಆ ಹೆಸರೇ ಅಖಿಲ ಭಾರತ ಪ್ರಸಾರಕ್ಕೂ ಸಂದಿತು. ಯಂತ್ರವು ವಿದೇಶದ್ದು, ಸಾಹಸವು ಮನಶ್ಶಾಸ್ತ್ರಜ್ಞನದು, ನಾಮಕರಣವು ಭಾಷಾಭಿಜ್ಞನದು. ವಿಜ್ಞಾನಕ್ಕೂ ಕನ್ನಡಕ್ಕೂ ನಂಟಿಲ್ಲವೆನ್ನುವವರು ಬೆಳ್ಳಾವೆ ವೆಂಕಟನಾರಣಪ್ಪನವರನ್ನೂ ಸ್ಮರಿಸಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು, ಪಂಪಭಾರತವನ್ನೂ ಸಂಪಾದಿಸಿದರು.

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿದ ಓರ್ವ ಕನ್ನಡ ಮಹಿಳೆಯ ವೃತ್ತಾಂತವು ಈ ಲೇಖನದ ಹೃದಯಸ್ಥಾನದಲ್ಲಿದೆ. 1922ರಲ್ಲಿ ಜನಿಸಿದ ರಾಜೇಶ್ವರಿಯವರು ನಂಜನಗೂಡಿನ ನ್ಯಾಯವಾದಿಯೊಬ್ಬರ ಮಗಳು. ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. 1943ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಅಲ್ಲಿ ಡಾಕ್ಟರೇಟ್ ಗಳಿಸಿ, 1953ರಲ್ಲಿ ಮಾತೃಸಂಸ್ಥೆಗೇ ಅಧ್ಯಾಪಕಿಯಾಗಿ ಹಿಂತಿರುಗಿದರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕರಾದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಕೂಡಿ ಸೂಕ್ಷ್ಮತರಂಗಗಳ, ಎಂದರೆ ಮೈಕ್ರೊವೇವ್‌ಗಳ, ಸಂಶೋಧನ ಪ್ರಯೋಗಾಲಯವನ್ನು ಕಟ್ಟಿದರು.

ಸೂಕ್ಷ್ಮತರಂಗಗಳ ಉದ್ದವು ಕೆಲವು ಸೆಂಟಿಮೀಟರುಗಳು. ಸಾಮಾನ್ಯ ತಂತಿಯಲ್ಲಿ ಅವನ್ನು ಒಯ್ಯಹೊರಟರೆ ಶಕ್ತಿಯು ದಾರಿಯಲ್ಲಿಯೇ ಸೋರಿಹೋಗುತ್ತದೆ. ಆದುದರಿಂದ ಅವನ್ನು ಟೊಳ್ಳಾದ ಲೋಹದ ಕೊಳವೆಯಲ್ಲಿ, ನೀರನ್ನು ಒಯ್ಯುವಂತೆ, ಒಯ್ಯಬೇಕಾಗುತ್ತದೆ. ಆ ಕೊಳವೆಯ ಅಳತೆಯನ್ನು ನಿರ್ಧರಿಸಲು ಗಣಿತ ಬೇಕು. ಆದರೆ ಒಳಮೈಯಲ್ಲಿ ಒಂದು ತಗ್ಗು ಉಳಿದರೂ ತರಂಗವು ಅಲ್ಲಿ ತಟ್ಟಿ ಹಿಂದೆ ಸರಿಯುವುದರಿಂದ ಕಾರ್ಯಾಗಾರದ ಕುಶಲ ಹಸ್ತವೂ ಬೇಕು. ರಾಡಾರಿಗೂ ಉಪಗ್ರಹ ಸಂಪರ್ಕಕ್ಕೂ ಆಧಾರವಾದ ಈ ವಿದ್ಯೆಯಲ್ಲಿ ರಾಜೇಶ್ವರಿ ಚಟರ್ಜಿಯವರು ನೂರಕ್ಕೂ ಮೇಲ್ಪಟ್ಟು ಪ್ರಬಂಧಗಳನ್ನು ಪ್ರಕಟಿಸಿದರು, 20 ಮಂದಿ ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಿ 1982ರಲ್ಲಿ ನಿವೃತ್ತರಾದರು, 2010ರಲ್ಲಿ ಕಾಲವಶರಾದರು. ಅವರ ಮಗಳೂ ಅಮೆರಿಕದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಸಂಸ್ಥೆಗಳ ನಡುವಣ ಸಹಯೋಗಕ್ಕೂ ಬೆಂಗಳೂರೇ ನಿದರ್ಶನ. 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಕಾರದಿಂದ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು.

ಅರೆವಾಹಕವೆಂದೊಡನೆ ಟ್ರಾನ್ಸಿಸ್ಟರಿನ ಕಥೆಯನ್ನು ಹೇಳಲೇಬೇಕು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ಸಾಧಿಸಿದವರು ಬಾರ್ಡೀನ್ ಮತ್ತು ಬ್ರಾಟನ್. ಸ್ಫಟಿಕದ ಮೇಲ್ಮೈಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ತೆರೆಯಂತೆ ಅಡ್ಡನಿಂತು ಹೊರಗಿನ ಪ್ರಭಾವವನ್ನು ತಡೆಯುತ್ತವೆಂದು ಬಾರ್ಡೀನ್‌ರು ತರ್ಕದಿಂದ ಕಂಡರು. ತ್ರಿಕೋನಾಕಾರದ ತುಂಡಿಗೆ ಚಿನ್ನದ ರೇಕನ್ನು ಅಂಟಿಸಿ, ತುದಿಯನ್ನು ಕ್ಷೌರದ ಅಲಗಿನಿಂದ ಸೀಳಿ, ಜರ್ಮೇನಿಯಂ ಮೇಲೆ ಒತ್ತಿದವರು ಬ್ರಾಟನ್. ಅಂಧ-ಪಂಗು ನ್ಯಾಯಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ. ಆದರೆ ತಂಡದ ಮುಖ್ಯಸ್ಥರಾದ ಶಾಕ್ಲಿಯವರಿಗೆ ಈ ಗೆಲವಿನಲ್ಲಿ ತಮ್ಮ ಕೈ ನೇರವಾಗಿ ಇರಲಿಲ್ಲವೆಂಬ ಕೊರಗು. ಅವರು ಒಂಟಿಯಾಗಿ ದುಡಿದು ಕೆಲವೇ ವಾರಗಳಲ್ಲಿ ಇನ್ನೂ ಉತ್ತಮವಾದ ಸಂಧಿ ಟ್ರಾನ್ಸಿಸ್ಟರನ್ನು ಕಲ್ಪಿಸಿದರು. ಅಸೂಯೆಯೂ ಕೆಲವೊಮ್ಮೆ ಫಲ ಕೊಡುತ್ತದೆಂಬುದನ್ನು ಮರೆಮಾಚಲಾಗದು. ಆದರೆ ಸ್ನೇಹವು ಒಡೆಯಿತು. 1951ರಲ್ಲಿ ಬಾರ್ಡೀನ್‌ರು ಆ ಪ್ರಯೋಗಾಲಯವನ್ನೇ ತ್ಯಜಿಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕವು ಒಟ್ಟಿಗೆ ಬಂದಾಗ ಒಟ್ಟಿಗೆ ದುಡಿಯುವ ಮೂವರು ಉಳಿದಿರಲಿಲ್ಲ. ಕೀರ್ತಿಯ ಹಂಚಿಕೆಯಲ್ಲಿ ಧರ್ಮ ತಪ್ಪಿದರೆ ಸಹಯೋಗಕ್ಕೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಈ ವೃತ್ತಾಂತಗಳಿಂದ ನಮ್ಮ ಶಾಲೆಗಳು ಗ್ರಹಿಸಬೇಕಾದುದೇನು? ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಪಂಪಿನ ಮೋಟಾರನ್ನು ಬಿಚ್ಚಿ ಜೋಡಿಸಬಲ್ಲವರುಂಟು. ಅವರಲ್ಲಿ ಎಷ್ಟೋ ಮಂದಿ ಗಣಿತದಲ್ಲಿ ಹಿಂದುಳಿದವರೆಂದು ಕೊನೆಯ ಬೆಂಚನ್ನು ಸೇರುತ್ತಾರೆ. ಸೂತ್ರಗಳನ್ನು ನಿರರ್ಗಳವಾಗಿ ಒಪ್ಪಿಸುವ ಮಗುವಿಗೆ ಒಂದು ತಂತಿಯನ್ನು ಬೆಸೆಯಲು ಬಾರದು. ಇವರಿಬ್ಬರನ್ನು ಒಂದೇ ಮೇಜಿನ ಮುಂದೆ ಕೂರಿಸುವವನೇ ವಿಜ್ಞಾನದ ನಿಜವಾದ ಅಧ್ಯಾಪಕ. ನಾನು ಹಿಂದೆ ಕಂಡ ಒಂದು ಶಾಲೆಯಲ್ಲಿ ದಾನಿಗಳಿತ್ತ ಉಪಕರಣಗಳು ಒಡೆದಾವೆಂಬ ಭಯದಿಂದ ವರ್ಷವಿಡೀ ಬೀರುವಿನಲ್ಲಿಯೇ ಇದ್ದುವು. ಒಡೆಯದ ಗಾಜಿನಿಂದ ಪ್ಲೂಕರ್‌ಗಾಗಲಿ ತಾಮ್ಸನ್‌ರಿಗಾಗಲಿ ಏನೂ ಕಾಣುತ್ತಿರಲಿಲ್ಲ.

ಆದುದರಿಂದ ಮೂರು ಸೂಚನೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ದಾನಿಗಳು ಉಪಕರಣಗಳೊಡನೆ ಅವುಗಳ ದುರಸ್ತಿಗೂ ಒಂದಿಷ್ಟು ಹಣವನ್ನು ಮೀಸಲಿಡಲಿ. ಹಳೆಯ ವಿದ್ಯಾರ್ಥಿಗಳಲ್ಲಿ ರೇಡಿಯೋ, ಮೊಬೈಲ್ ರಿಪೇರಿ ಬಲ್ಲವರೂ ಎಂಜಿನಿಯರುಗಳೂ ತಿಂಗಳಿಗೊಮ್ಮೆಯಾದರೂ ಜೊತೆಯಾಗಿ ಪ್ರಯೋಗಾಲಯಕ್ಕೆ ಬರಲಿ. ಅಧ್ಯಾಪಕರು ವಿಜ್ಞಾನ ಪ್ರದರ್ಶನದ ಬಹುಮಾನವನ್ನು ಇಬ್ಬಿಬ್ಬರಿಗೆ ಕೊಡಲಿ. ಆ ಜೋಡಿಗಳಲ್ಲಿ ಹೆಣ್ಣುಮಕ್ಕಳು ಇರುವಂತೆ ನೋಡಿಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ ಬಹುಮಾನಿತರ ಪಟ್ಟಿಯನ್ನು ಅಚ್ಚು ಹಾಕುವಾಗ ಎರಡು ಹೆಸರುಗಳ ಕೆಳಗೆ ಮೂರನೆಯದಾಗಿ, ಅವರಿಗೆ ಕೊಳವೆಗಳನ್ನು ತೊಳೆದು ತಂತಿಗಳನ್ನು ಹೊಂದಿಸಿಕೊಟ್ಟ ಪ್ರಯೋಗಾಲಯದ ಸಹಾಯಕನ ಹೆಸರೂ ಇರಲಿ.