ನೈವೇಲಿಯ ಕಂದು ಕಲ್ಲಿದ್ದಲು ಇನ್ನೂ ಯಾಕೆ ಉರೀತಿದೆ?

ಈ ವಾರದ ವಿಷಯ ಲಿಗ್ನೈಟ್, ಅಂದ್ರೆ ಕಂದು ಕಲ್ಲಿದ್ದಲು. ಚೆನ್ನೈನಲ್ಲಿರೋ ನಮ್ಮವರಿಗೆ ಇದು ದೂರದ ಮಾತಲ್ಲ. ನಿಮ್ಮ ಆಫೀಸಿನ ಎಸಿ, ಮೆಟ್ರೊ, ನೀರಿನ ಪಂಪು ಎಲ್ಲವನ್ನೂ ನಡೆಸೋ ಗ್ರಿಡ್‌ಗೆ ಸುಮಾರು 200 ಕಿ.ಮೀ. ದಕ್ಷಿಣದ ನೈವೇಲಿಯಿಂದಲೂ ಕರೆಂಟ್ ಬರುತ್ತೆ. ಕರ್ನಾಟಕದ ಎಸ್ಕಾಂಗಳೂ ಅಲ್ಲಿಂದ ತಮ್ಮ ಪಾಲು ಕೊಳ್ತವೆ.

ಸಾಗಿಸೋಕಾಗದ ಇಂಧನ

ನೈವೇಲಿ ಲಿಗ್ನೈಟ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಉರಿಸಿದಾಗ ಶಾಖದ ಒಂದು ಭಾಗ ಆ ನೀರನ್ನ ಆವಿ ಮಾಡೋಕೇ ಹೋಗುತ್ತೆ. ರೈಲಲ್ಲಿ ದೂರ ಕಳಿಸಿದ್ರೆ ಅರ್ಧ ಬಾಡಿಗೆ ನೀರಿಗೇ ಕೊಟ್ಟಂತೆ. ರಾಶಿ ಹಾಕಿಟ್ಟರೆ ತಾನಾಗೇ ಹೊತ್ತಿಕೊಳ್ಳೋ ಭಯ ಬೇರೆ. ಅದಕ್ಕೇ ಗಣಿಯ ಪಕ್ಕದಲ್ಲೇ ಸ್ಥಾವರ, ನಡುವೆ ಕನ್ವೇಯರ್ ಬೆಲ್ಟ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಟೈಟ್ಲಿ ಕಪಲ್ಡ್ ಸಿಸ್ಟಮ್. ಗಣಿ ನಿಂತ್ರೆ ಸ್ಥಾವರ ನಿಲ್ಲುತ್ತೆ, ಸ್ಥಾವರ ಮುಚ್ಚಿದ್ರೆ ಗಣಿಗೆ ಗಿರಾಕಿ ಇಲ್ಲ. ಎರಡನ್ನೂ ನಂಬಿ ಒಂದು ಇಡೀ ಊರು ಇದೆ.

ಟ್ರೆಂಡ್ ಯಾವ ಕಡೆ?

1962ರಲ್ಲಿ ಸೋವಿಯತ್ ಸಹಕಾರದಿಂದ ಶುರುವಾದ ನೈವೇಲಿಯ 600 ಮೆಗಾವ್ಯಾಟ್ ಸ್ಥಾವರ 2020ರಲ್ಲಿ ಮುಚ್ಚಿತು. ಆದ್ರೆ ಅದರ ಜಾಗಕ್ಕೆ ಬಂದದ್ದು 500 ಮೆಗಾವ್ಯಾಟ್‌ನ ಎರಡು ಹೊಸ ಘಟಕ, ಅದೂ ಲಿಗ್ನೈಟ್‌ನದೇ. ಅದೇ ಕಂಪನಿ 1000 ಮೆಗಾವ್ಯಾಟ್‌ಗೂ ಹೆಚ್ಚು ಸೋಲಾರ್ ಹಾಕಿದೆ ಅನ್ನೋದೂ ನಿಜ. ಅಂದ್ರೆ ಹೊಸದು ಸೇರ್ತಾ ಇದೆ, ಹಳೇದು ಹೋಗ್ತಾ ಇಲ್ಲ.

ಗುಜರಾತಿನ ಲೆಕ್ಕ ಬೇರೆ. ಅಲ್ಲಿ ಸರ್ಕಾರಿ ಕಂಪನಿ ಜಿಎಂಡಿಸಿ ತೆಗೆಯೋ ಲಿಗ್ನೈಟನ್ನ ಹತ್ತಿರದ ಬಟ್ಟೆ ಕಾರ್ಖಾನೆ, ಇಟ್ಟಿಗೆ ಗೂಡಿನವರೂ ಲಾರಿಯಲ್ಲಿ ಒಯ್ತಾರೆ. ಆಮದು ಕಲ್ಲಿದ್ದಲು ತುಟ್ಟಿಯಾದ್ರೆ ಇದಕ್ಕೆ ಬೇಡಿಕೆ, ಅಗ್ಗವಾದ್ರೆ ಕೇಳೋರು ಕಮ್ಮಿ.

ಜರ್ಮನಿ ನೋಡಿ. 2012ರಲ್ಲಿ ಸುಮಾರು 18.5 ಕೋಟಿ ಟನ್ ತೆಗೀತಿದ್ದ ದೇಶ 2023ರಲ್ಲಿ 10 ಕೋಟಿ ಟನ್‌ಗೆ ಇಳೀತು. ಕಾರ್ಬನ್‌ಗೆ ಬೆಲೆ ಕಟ್ಟಿದ್ದು, ಗಾಳಿ ಮತ್ತು ಸೋಲಾರ್ ವಿದ್ಯುತ್ ಬೆಳೆದದ್ದು ಮುಖ್ಯ ಕಾರಣ. 2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗ ಕೆಲವು ಹಳೇ ಘಟಕಗಳನ್ನ ಮತ್ತೆ ಆನ್ ಮಾಡಬೇಕಾಯ್ತು, ಅದೂ ತಾತ್ಕಾಲಿಕವಾಗಿ. 2038ರೊಳಗೆ ಕಲ್ಲಿದ್ದಲು ವಿದ್ಯುತ್ ಪೂರ್ತಿ ನಿಲ್ಲಿಸೋಕೆ ಕಾನೂನಿದೆ. ಜೊತೆಗೆ ಗಣಿ ಪ್ರದೇಶಗಳ ಜನರ ಬದುಕಿಗೆ 4000 ಕೋಟಿ ಯೂರೋವರೆಗಿನ ನೆರವನ್ನೂ ಘೋಷಿಸಿದ್ರು.

ಬಿಲ್‌ನಲ್ಲಿ ಕಾಣದ ಬೆಲೆ

2023ರ ಜುಲೈನಲ್ಲಿ ನೈವೇಲಿ ಹತ್ತಿರದ ವಲಯಮಾದೇವಿಯಲ್ಲಿ, ಗಣಿ ವಿಸ್ತರಣೆಗೆ ಬೇಕಾದ ಕಾಲುವೆಗಾಗಿ ಬೆಳೆ ನಿಂತ ಭತ್ತದ ಗದ್ದೆಗೆ ಯಂತ್ರ ಇಳಿಸಿದ್ರು. ದೊಡ್ಡ ಪ್ರತಿಭಟನೆಯೇ ಆಯ್ತು. ಜಮೀನು ಮೊದಲೇ ಸ್ವಾಧೀನ ಆಗಿತ್ತು ಅನ್ನೋದು ಕಂಪನಿಯ ವಾದ. ಆದ್ರೂ ಹೊಸ ಸ್ಥಾವರ ಕಟ್ಟೋದು ಅಂದ್ರೆ ಮುಂದಿನ ದಶಕಗಳಿಗೂ ಗಣಿ ಅಗೀತಾ ಹೋಗೋದು ಅಂತಾನೇ ಅರ್ಥ, ಅಗೆಯೋದು ಯಾರದೋ ಗದ್ದೆಯನ್ನೇ.

ಆದ್ದರಿಂದ ಲಿಗ್ನೈಟ್ ಯಾವಾಗ ಮುಗಿಯುತ್ತೆ ಅಂತ ಕೇಳೋದಷ್ಟೇ ಸಾಲದು. ಮುಗಿದ ದಿನ ಗದ್ದೆ ಕೊಟ್ಟವರಿಗೆ, ಗಣಿಯಲ್ಲಿ ದುಡಿದವರಿಗೆ ಏನು ಗತಿ ಅಂತಲೂ ಈಗಲೇ ಕೇಳಬೇಕು. ನಿಮಗೇನನ್ಸುತ್ತೆ, ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.