ಎರೆಮಣ್ಣಿನ ಸೀಮೆಗೆ ತಕ್ಕ ನೆಲಹಾಸು: ವಾಹನದ ಮ್ಯಾಟ್ ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿಗಳು

ಕಾರು ಕೊಳ್ಳುವಾಗ ವ್ಯಾಪಾರಸ್ಥರು ಇಂಧನದ ಖರ್ಚು, ಸಾಲದ ಬಡ್ಡಿ, ವಿಮೆಯ ಕಂತು, ಮರುಮಾರಾಟದ ಬೆಲೆ ಇವೆಲ್ಲವನ್ನೂ ಹತ್ತು ಸಲ ವಿಚಾರಿಸುತ್ತಾರೆ. ಕಾಲಡಿಯ ಮ್ಯಾಟಿನ ವಿಷಯ ಬಂದಾಗ ಮಾತ್ರ ಅಂಗಡಿಯವರು ತೋರಿಸಿದ್ದನ್ನು, ಹೆಚ್ಚೆಂದರೆ ಬಣ್ಣ ನೋಡಿ, ಒಪ್ಪಿಕೊಂಡು ಬರುವುದೇ ರೂಢಿ. ಆದರೆ ವಾಹನದ ತಳದ ಆಯುಷ್ಯವೂ, ಒಮ್ಮೊಮ್ಮೆ ಚಾಲಕನ ಜೀವವೂ ಈ ಸಣ್ಣ ವಸ್ತುವನ್ನು ಅವಲಂಬಿಸಿರುತ್ತವೆ. ಆದ್ದರಿಂದ ಮ್ಯಾಟನ್ನು ಅಲಂಕಾರದ ಸಾಮಗ್ರಿಯೆಂದು ಬಗೆಯದೆ, ವಾಹನದ ಒಂದು ಅಂಗವೆಂದೇ ತಿಳಿದು ಆರಿಸುವುದು ಉಚಿತ.

ಈ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಸಂಪಗಾಂವ ತಾಲೂಕು ಎಂದು ಹೆಸರಾಗಿದ್ದ ಬೈಲಹೊಂಗಲ ಭಾಗ, ಪರಸಗಡ ತಾಲೂಕೆನಿಸಿದ್ದ ಸವದತ್ತಿ, ಅತ್ತ ರಾಮದುರ್ಗ, ಇತ್ತ ಕಿತ್ತೂರು ಇವುಗಳ ನಡುವೆ ದಿನನಿತ್ಯ ಓಡಾಡುವ ವಾಹನವು ಹಲವು ಬಗೆಯ ನೆಲವನ್ನು ತುಳಿಯುತ್ತದೆ. ಪಶ್ಚಿಮದ ಕಿತ್ತೂರಿನ ಕಡೆ ಮಳೆ ಹೆಚ್ಚು, ಮಣ್ಣು ಕೆಂಪು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಹರಡಿಕೊಳ್ಳುತ್ತದೆ. ಅಡತಿ ಅಂಗಡಿಯ ಮಾಲೀಕರು, ಬೀಜ ಗೊಬ್ಬರದ ವರ್ತಕರು, ಕಬ್ಬು ಹತ್ತಿಯ ವ್ಯವಹಾರದವರು ಹೊಲದ ಬದುವಿನವರೆಗೂ ಕಾರು ಒಯ್ಯಬೇಕಾದವರೇ. ಪಟ್ಟಣದ ಡಾಂಬರು ರಸ್ತೆಗೆಂದು ಸಿದ್ಧವಾದ ತೆಳು ಕಾರ್ಪೆಟ್ ಮ್ಯಾಟು ಅವರಿಗೆ ಒಂದು ಮಳೆಗಾಲವನ್ನೂ ಪೂರ್ತಿ ಬಾಳುವುದಿಲ್ಲ.

ಎರೆಮಣ್ಣು ಮಾಡುವ ಹಾನಿ

ಎರೆಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿಯ ಅಂಶ ಹೆಚ್ಚು. ಹಸಿಯಾದಾಗ ಅದು ಬೂಟಿಗೆ ಅಂಟಿನಂತೆ ಮೆತ್ತಿಕೊಳ್ಳುತ್ತದೆ. ಒಣಗಿದಾಗ ಬಿರಿದು ನುಣುಪಾದ ಧೂಳಾಗುತ್ತದೆ. ಚಾಲಕನು ಒಳಗೆ ಕುಳಿತಾಗ ಮಣ್ಣಿನೊಂದಿಗೆ ನೀರೂ ಒಳಗೆ ಬರುತ್ತದೆ. ನೀರನ್ನು ತಡೆಯದ ಮ್ಯಾಟಿದ್ದರೆ ಅದು ಕೆಳಗಿಳಿದು, ಕಾರಿನ ಮೂಲ ಕಾರ್ಪೆಟ್ಟನ್ನು ದಾಟಿ, ಅದರಡಿಯ ಮೆತ್ತನೆಯ ಪದರದಲ್ಲಿ ನಿಲ್ಲುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಒಳಪದರ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮುಗ್ಗಿದ ವಾಸನೆ ಅದರ ಮೊದಲ ಲಕ್ಷಣ. ತಳದ ತಗಡಿಗೆ ತುಕ್ಕು ಹಿಡಿಯುವುದು ಎರಡನೆಯದು. ಅನೇಕ ಕಾರುಗಳಲ್ಲಿ ವಿದ್ಯುತ್ ತಂತಿಗಳೂ ಅವುಗಳ ಜೋಡಣೆಗಳೂ ಈ ಕಾರ್ಪೆಟ್ಟಿನ ಅಡಿಯಲ್ಲಿಯೇ ಹಾದುಹೋಗುತ್ತವೆ. ಆ ಜೋಡಣೆಗಳಿಗೆ ಕಿಲುಬು ಹಿಡಿದರೆ ದೋಷವೆಲ್ಲಿದೆ ಎಂದು ಹುಡುಕುವುದಕ್ಕೇ ಗ್ಯಾರೇಜಿನಲ್ಲಿ ದಿನಗಳು ಕಳೆಯುತ್ತವೆ.

ಹೀಗಾಗಿ ಈ ಸೀಮೆಯ ವಾಹನಕ್ಕೆ ಬೇಕಾದ ಮೊದಲ ಗುಣವೆಂದರೆ ಎತ್ತರದ ಅಂಚು. ಹರಿವಾಣದಂತೆ ಸುತ್ತಲೂ ಅಂಚೆದ್ದಿರುವ ಮ್ಯಾಟು ಕೆಸರನ್ನೂ ನೀರನ್ನೂ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಎತ್ತಿ ಹೊರಗೆ ಚೆಲ್ಲಿದರೆ ಕೆಲಸ ಮುಗಿಯಿತು. ಸಪಾಟಾದ ಮ್ಯಾಟು ಎಷ್ಟೇ ದಪ್ಪವಿದ್ದರೂ ನೀರನ್ನು ಬದಿಗೆ ಹರಿಯಗೊಡುತ್ತದೆ.

ದಪ್ಪಕ್ಕಿಂತ ಹಿಡಿತ ಮುಖ್ಯ

ಭಾರೀ ಮ್ಯಾಟು ಎಂದರೆ ಒಳ್ಳೆಯ ಮ್ಯಾಟು ಎಂಬ ಭಾವನೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಚಾಲಕನ ಕಾಲಡಿಯ ಮ್ಯಾಟಿಗೆ ಇರಬೇಕಾದ ಪ್ರಥಮ ಗುಣ ಸರಿಯಾದ ಅಳತೆ. ಎರಡನೆಯದು ಅಲುಗಾಡದಂತಹ ಹಿಡಿತ. ಉಳಿದವೆಲ್ಲ ಅನಂತರದವು.

2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಸಂಭವಿಸಿದ ಅಪಘಾತವು ಜಗತ್ತಿನ ವಾಹನೋದ್ಯಮಕ್ಕೆ ಈ ಪಾಠವನ್ನು ಕಲಿಸಿತು. ವಿತರಕರು ಗ್ರಾಹಕರೊಬ್ಬರಿಗೆ ತಾತ್ಕಾಲಿಕ ಬಳಕೆಗೆಂದು ಕೊಟ್ಟಿದ್ದ ಲೆಕ್ಸಸ್ ಕಾರಿನಲ್ಲಿ ಬೇರೊಂದು ಮಾದರಿಗೆ ಸೇರಿದ, ಎಲ್ಲ ಋತುಗಳಿಗೂ ಒದಗುವ ದಪ್ಪನೆಯ ಮ್ಯಾಟನ್ನು ಹಾಸಲಾಗಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿರಲಿಲ್ಲ. ಆಕ್ಸಿಲರೇಟರ್ ಪೆಡಲ್ ಅದರಲ್ಲಿ ಸಿಲುಕಿ ಕಾರು ಹತೋಟಿ ತಪ್ಪಿತು. ಒಳಗಿದ್ದ ನಾಲ್ವರೂ ಅಸುನೀಗಿದರು. ಚಾಲಕರು ಹೆದ್ದಾರಿ ಪೊಲೀಸ್ ಅಧಿಕಾರಿಯಾಗಿದ್ದು, ಚಾಲನೆಯಲ್ಲಿ ನುರಿತವರೇ ಆಗಿದ್ದರು. ಕೆಲವು ದಿನಗಳ ಮೊದಲು ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕನಿಗೂ ಪೆಡಲ್ ಸಿಲುಕಿದ ಅನುಭವವಾಗಿದ್ದು, ಆತ ಅದನ್ನು ತಿಳಿಸಿದ್ದನೆಂಬುದು ತನಿಖೆಯಲ್ಲಿ ದಾಖಲಾಯಿತು. ಆ ವರ್ಷವೇ ಟೊಯೋಟಾ ಸಂಸ್ಥೆಯು ಮ್ಯಾಟಿನ ಕಾರಣಕ್ಕಾಗಿ ಸುಮಾರು 38 ಲಕ್ಷ ವಾಹನಗಳನ್ನು ಮರುಪರಿಶೀಲನೆಗೆ ಕರೆಯಬೇಕಾಯಿತು.

ಇಂತಹ ಅಪಾಯ ನಮ್ಮಲ್ಲಿಯೂ ಬೇರೆ ವೇಷದಲ್ಲಿ ಇದ್ದೇ ಇದೆ. ಮಳೆಗಾಲದಲ್ಲಿ ಮ್ಯಾಟು ಕೆಡಬಾರದೆಂದು ಅದರ ಮೇಲೆ ಗೋಣಿತಟ್ಟು ಹಾಸುವುದು, ರಟ್ಟು ಅಥವಾ ಹಳೆಯ ದಿನಪತ್ರಿಕೆ ಹರಡುವುದು, ಹಳೆಯ ಮ್ಯಾಟಿನ ಮೇಲೆಯೇ ಹೊಸದನ್ನು ಹಾಕುವುದು ಸಾಮಾನ್ಯ. ಇವೆಲ್ಲವೂ ಕಾಲಿನ ಒತ್ತಡಕ್ಕೆ ಮುಂದೆ ಜಾರಿ ಪೆಡಲಿನ ಅಡಿ ಸೇರಬಲ್ಲವು. ಚಾಲಕನ ಬದಿಯಲ್ಲಿ ಒಂದರ ಮೇಲೊಂದು ಹಾಸನ್ನು ಎಂದಿಗೂ ಹಾಕಬಾರದು. ಸರ್ವಿಸಿಂಗ್ ಆದ ಬಳಿಕ ಗ್ಯಾರೇಜಿನವರು ಹಾಸಿದ ಕಾಗದವನ್ನೂ ಅಲ್ಲಿಯೇ ತೆಗೆದುಬಿಡಬೇಕು.

ಗೇರ್ ಬದಲಿಸುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಮ್ಯಾಟು ತೀರ ದಪ್ಪವಾಗಿದ್ದರೆ ಕ್ಲಚ್ ಪೆಡಲ್ ತಳದವರೆಗೆ ಇಳಿಯುವುದಿಲ್ಲ. ಕ್ಲಚ್ ಪೂರ್ತಿ ಬಿಡದೆ ಗೇರ್ ಬಿಗಿಯಾಗುತ್ತದೆ, ಬಿಡಿಭಾಗಗಳು ಬೇಗ ಸವೆಯುತ್ತವೆ. ದೋಷ ಮ್ಯಾಟಿನದ್ದಾದರೂ ಖರ್ಚು ಮಾತ್ರ ಕ್ಲಚ್ಚಿನ ಲೆಕ್ಕಕ್ಕೆ ಬೀಳುತ್ತದೆ.

ಆದ್ದರಿಂದ ಅಂಗಡಿಯಲ್ಲಿಯೇ, ಹಣ ಕೊಡುವ ಮೊದಲೇ, ಇಂಜಿನ್ ನಿಲ್ಲಿಸಿ ಈ ಪರೀಕ್ಷೆಗಳನ್ನು ಮಾಡಬೇಕು:

1. ಹಳೆಯ ಮ್ಯಾಟನ್ನು ತೆಗೆದು ಹೊಸದನ್ನು ಹಾಸಿ, ಕಾರಿನ ತಳದಲ್ಲಿರುವ ಮೂಲ ಕೊಕ್ಕೆಗಳಿಗೆ ಸಿಕ್ಕಿಸಬೇಕು. ಕೊಕ್ಕೆಗೆ ಹೊಂದುವ ತೂತುಗಳು ಮ್ಯಾಟಿನಲ್ಲಿ ಇಲ್ಲದಿದ್ದರೆ ಅದನ್ನು ಚಾಲಕನ ಬದಿಗೆ ಬಳಸಬಾರದು.
2. ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಮೂರನ್ನೂ ಒಂದೊಂದಾಗಿ ಕೊನೆಯವರೆಗೆ ಒತ್ತಿ ಬಿಡಬೇಕು. ಯಾವ ಪೆಡಲೂ ಮ್ಯಾಟನ್ನು ಮುಟ್ಟಬಾರದು. ಬಿಟ್ಟ ಕೂಡಲೇ ಮೇಲೇಳಬೇಕು.
3. ಹಿಮ್ಮಡಿಯನ್ನು ಊರಿ ಮ್ಯಾಟನ್ನು ಮುಂದಕ್ಕೆ ತಳ್ಳಿ ನೋಡಬೇಕು. ಅದು ಸರಿದರೆ ಖರೀದಿ ಬೇಡ.
4. ಸೀಟನ್ನು ಹಿಂದೆ ಮುಂದೆ ಸರಿಸಿ ಹಳಿಗೆ ಅಡ್ಡಿಯಾಗದೆಂದು ಖಚಿತಪಡಿಸಿಕೊಳ್ಳಬೇಕು. ಮುಂದಿನ ಸೀಟಿನಡಿ ಗಾಳಿ ಬರುವ ಕಿಂಡಿಯಿದ್ದರೆ ಅದು ಮುಚ್ಚಿಹೋಗಬಾರದು.

ಒಂದು ವೇಳೆ ಓಡುತ್ತಿರುವಾಗಲೇ ಆಕ್ಸಿಲರೇಟರ್ ಸಿಲುಕಿದರೆ ಬಗ್ಗಿ ಮ್ಯಾಟನ್ನು ಎಳೆಯಲು ಹೋಗಬಾರದು. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಬಲವಾಗಿ ಒತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಬದಿಗೆ ನಿಲ್ಲಿಸಿದ ಬಳಿಕ ಇಂಜಿನ್ ಆರಿಸಬೇಕು. ಚಲಿಸುವಾಗ ಕೀಲಿಕೈಯನ್ನು ಹೊರತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳುವ ಸಂಭವವಿದೆ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ, ಅಂಗಡಿಯ ಚಾಲಕನಿಗೂ ಈ ಕ್ರಮವನ್ನು ತಿಳಿಸಿಡುವುದು ಒಳಿತು.

ಯಾವ ವಸ್ತು ಯಾರಿಗೆ?

*ಕಾರ್ಪೆಟ್:* ಮೆತ್ತಗಿರುತ್ತದೆ, ಸದ್ದನ್ನು ಹೀರುತ್ತದೆ. ಆದರೆ ನೀರನ್ನೂ ಧೂಳನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಪಟ್ಟಣದೊಳಗಿನ ಓಡಾಟಕ್ಕೆ, ಬೇಸಿಗೆಗೆ ಸಾಕು.

*ತೆಂಗಿನ ನಾರು:* ಬೂಟಿನ ಮಣ್ಣನ್ನು ಕೆರೆದು ತೆಗೆಯುವುದರಲ್ಲಿ ಸಮರ್ಥ. ಮನೆಯ ಹೊಸ್ತಿಲಿಗೆ ಯೋಗ್ಯವಾದ ಇದು ಹಸಿ ಜೇಡಿಯನ್ನು ನಾರಿನೊಳಗೆ ಇಟ್ಟುಕೊಂಡು ಬೇಗ ಒಣಗದೆ ಕಾರಿನೊಳಗೆ ತೊಂದರೆ ಕೊಡುತ್ತದೆ.

*ಪಿವಿಸಿ:* ಅಗ್ಗ, ತೊಳೆಯಲು ಸುಲಭ. ಬಿಸಿಲಿನಲ್ಲಿ ನಿಂತ ಕಾರಿನ ಕಾವಿಗೆ ಮೆತ್ತಗಾಗಿ ವಾಸನೆ ಬೀರುತ್ತದೆ. ಅದಕ್ಕೆ ಬೆರೆಸಿದ ಮೃದುಕಾರಿಗಳು ಕ್ರಮೇಣ ಹೊರಹೋಗುವುದರಿಂದ ಮುಂದೆ ಗಡುಸಾಗಿ ಅಂಚು ಸುರುಳಿಕೊಳ್ಳುತ್ತದೆ. ಸುರುಳಿಕೊಂಡ ಅಂಚು ಪೆಡಲಿಗೆ ಅಪಾಯಕಾರಿ.

*ರಬ್ಬರ್:* ತನ್ನ ಭಾರದಿಂದಲೇ ನೆಲಕ್ಕೆ ಅಂಟಿಕೊಂಡಿರುತ್ತದೆ, ಒರಟು ಬಳಕೆಗೆ ಬಗ್ಗುವುದಿಲ್ಲ. ನೈಸರ್ಗಿಕ ರಬ್ಬರಿಗೆ ಡೀಸೆಲ್ ಮತ್ತು ಎಣ್ಣೆ ತಾಗಬಾರದು, ತಾಗಿದರೆ ಉಬ್ಬುತ್ತದೆ. ಮರುಬಳಕೆಯ ರಬ್ಬರ್ ಅತಿಯಾಗಿ ಬೆರೆತಿದ್ದರೆ ಬೇಗ ಬಿರುಕು ಬಿಡುತ್ತದೆ. ಕೊಳ್ಳುವ ಮೊದಲು ಒಂದು ಮೂಲೆಯನ್ನು ಮಡಚಿ ಬಿಟ್ಟು, ಗೆರೆ ಬೀಳದೆ ಮೊದಲಿನಂತಾಗುವುದೇ ಎಂದು ನೋಡಬೇಕು.

*ಟಿಪಿಇ:* ರಬ್ಬರಿನ ಬಾಗುವ ಗುಣವನ್ನೂ ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಒಗ್ಗುವ ಗುಣವನ್ನೂ ಪಡೆದ ವಸ್ತು. ವಾಸನೆ ಕಡಿಮೆ, ಆಕಾರ ಕೆಡುವುದಿಲ್ಲ. ಕಾರಿನ ಮಾದರಿಗೆ ತಕ್ಕಂತೆ ಎತ್ತರದ ಅಂಚಿನೊಂದಿಗೆ ಅಚ್ಚು ಹಾಕಿದ ತಟ್ಟೆಗಳು ಬಹುತೇಕ ಇದರವೇ. ಬೆಲೆ ಹೆಚ್ಚು.

*ಇವಿಎ:* ಹಗುರ. ಇದರ ಜೇನುಗೂಡಿನಂತಹ ಕುಳಿಗಳಲ್ಲಿ ಧೂಳು ನಿಲ್ಲುತ್ತದೆ. ಆದರೆ ಎರೆಮಣ್ಣು ಆ ಕುಳಿಗಳಲ್ಲಿ ಒಣಗಿದರೆ ಬಡಿದು ತೊಳೆಯಬೇಕಾಗುತ್ತದೆ. ಹಿಮ್ಮಡಿಯ ಜಾಗದಲ್ಲಿ ಬೇಗ ಸವೆಯುತ್ತದೆ.

ಮಾರುಕಟ್ಟೆಯಲ್ಲಿ ಜನಪ್ರಿಯವಾಗಿರುವ ‘3ಡಿ’, ‘5ಡಿ’, ‘7ಡಿ’ ಎಂಬ ಹೆಸರುಗಳು ಗುಣಮಟ್ಟದ ಶ್ರೇಣಿಗಳಲ್ಲ, ಮಾರಾಟದ ಹೆಸರುಗಳು ಮಾತ್ರ. ಕೃತಕ ಚರ್ಮದ ಅಡಿಯಲ್ಲಿ ಸ್ಪಂಜಿನ ಪದರವಿರುವ ಇಂತಹ ಹಾಸುಗಳು ನೋಡಲು ಅಂದ. ಆದರೆ ಹಲವು ಕಡೆ ಇವು ಮೂಲ ಕೊಕ್ಕೆಗಳನ್ನು ಮುಚ್ಚಿಬಿಡುತ್ತವೆ. ಹೊಲಿಗೆಯ ಮೂಲಕ ನೀರು ಕೆಳಗಿಳಿದರೆ ಹೊರಬರಲು ದಾರಿಯಿರುವುದಿಲ್ಲ. ಕೊಳ್ಳುವವರು ಅಂಕಿಯನ್ನು ನೋಡದೆ ಮೇಲಿನ ನಾಲ್ಕು ಪರೀಕ್ಷೆಗಳನ್ನೇ ನೆಚ್ಚಬೇಕು.

ಬೆಲೆಯನ್ನು ಹೋಲಿಸುವಾಗ ಒಂದು ಜೊತೆಯ ಬೆಲೆಯನ್ನು ಅದು ಬಾಳುವ ಮಳೆಗಾಲಗಳ ಸಂಖ್ಯೆಯಿಂದ ಭಾಗಿಸಿ ನೋಡುವುದು ಸರಿಯಾದ ಕ್ರಮ. ಎರಡು ಪಟ್ಟು ಬೆಲೆಯ ಮ್ಯಾಟು ನಾಲ್ಕು ಪಟ್ಟು ಕಾಲ ಬಾಳಿದರೆ ಅದೇ ಅಗ್ಗ.

ನಮ್ಮ ವ್ಯವಹಾರದ ವಿಶೇಷ ಅಗತ್ಯಗಳು

ಗೊಬ್ಬರದ ವರ್ತಕರು ಚೀಲಗಳನ್ನು ಕಾರಿನಲ್ಲಿ ಸಾಗಿಸುವಾಗ ಎಚ್ಚರ ವಹಿಸಬೇಕು. ಪೊಟ್ಯಾಷ್ ಎಂದು ಮಾರಾಟವಾಗುವ ಗೊಬ್ಬರ ಮುಖ್ಯವಾಗಿ ಒಂದು ಕ್ಲೋರೈಡ್ ಲವಣ. ಚೆಲ್ಲಿದ ಹರಳು ತೇವಕ್ಕೆ ಕರಗಿ ತಗಡನ್ನು ತಲುಪಿದರೆ ತುಕ್ಕಿನ ವೇಗ ಹೆಚ್ಚುತ್ತದೆ. ಡಿಕ್ಕಿಗೂ ಅಂಚಿರುವ ತಟ್ಟೆಯನ್ನು ಹಾಕಿಸುವುದು ಅವರಿಗೆ ಅನಿವಾರ್ಯವೆನ್ನಬಹುದು. ಹತ್ತಿ ವ್ಯಾಪಾರಿಗಳ ವಾಹನದಲ್ಲಿ ಎಳೆಗಳು ಕಾರ್ಪೆಟ್ಟಿನ ರೋಮಕ್ಕೆ ಸಿಕ್ಕಿಕೊಳ್ಳುವುದರಿಂದ ನಯವಾದ ಮೈಯ ಮ್ಯಾಟೇ ಲೇಸು. ಬೆಲ್ಲ ಸಾಗಿಸುವವರಿಗೂ ಇದೇ ಮಾತು ಸಲ್ಲುತ್ತದೆ. ಉದುರಿದ ಚೂರು ಇರುವೆಯನ್ನು ಕರೆತರುತ್ತದೆ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಯಾತ್ರಿಕರನ್ನು ಕರೆದೊಯ್ಯುವ ಬಾಡಿಗೆ ವಾಹನಗಳಿಗೆ ಭಂಡಾರದ ಪ್ರಶ್ನೆಯಿದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಜಾತ್ರೆಯ ಬಳಿಕ ವಾಹನದ ತಳವೆಲ್ಲ ಅರಿಸಿನಮಯವಾಗುತ್ತದೆ. ಅರಿಸಿನದ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕ್ಷಾರವಿರುವ ಸಾಬೂನು ತಗುಲಿದರೆ ಕೆಂಪಾಗುತ್ತದೆ. ಆದ್ದರಿಂದ ಮೊದಲು ಒಣದಾಗಿಯೇ ಝಾಡಿಸಿ, ಅನಂತರ ತೊಳೆದು, ಉಳಿದ ಕಲೆಯನ್ನು ಬಿಸಿಲಿಗೆ ಬಿಟ್ಟರೆ ಬಣ್ಣ ಕ್ರಮೇಣ ಮಾಸುತ್ತದೆ. ತಿಳಿಬಣ್ಣದ ಕಾರ್ಪೆಟ್ ಇಂತಹ ವಾಹನಗಳಿಗೆ ಸಲ್ಲದು.

ಯಾವ ಮ್ಯಾಟೇ ಆಗಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಯಲ್ಲಿ ಕೈಯಾಡಿಸಿ ತೇವವಿದೆಯೇ ಎಂದು ನೋಡಬೇಕು. ತೊಳೆದ ಮ್ಯಾಟಿಗೆ ಟೈರಿನ ಪಾಲಿಶ್ ಹಚ್ಚಬಾರದು. ಹೊಳಪಿನ ಜೊತೆಗೆ ಜಾರಿಕೆಯೂ ಬರುತ್ತದೆ. ತೊಳೆದ ಬಳಿಕ ಕೊಕ್ಕೆಗೆ ಮರಳಿ ಸಿಕ್ಕಿಸುವುದನ್ನು ಮರೆಯಬಾರದು.

ಮಾರುವವರಿಗೂ ತಯಾರಿಸುವವರಿಗೂ

ತೆರಿಗೆಯ ದೃಷ್ಟಿಯಿಂದ ಮ್ಯಾಟು ವಾಹನದ ಬಿಡಿಭಾಗವೇ, ಅಲ್ಲವೇ ಎಂಬ ಪ್ರಶ್ನೆ ದೀರ್ಘಕಾಲ ಚರ್ಚೆಯಲ್ಲಿತ್ತು. ಅಬಕಾರಿ ಸುಂಕಕ್ಕೆ ಸಂಬಂಧಿಸಿದ ಯೂನಿ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ತೀರ್ಪು ನೀಡಿ, ಜವಳಿಯ ಕಾರ್ ಮ್ಯಾಟುಗಳು ವಾಹನದ ಬಿಡಿಭಾಗಗಳ 87ನೆಯ ಅಧ್ಯಾಯಕ್ಕಲ್ಲ, ನೆಲಹಾಸುಗಳ 57ನೆಯ ಅಧ್ಯಾಯಕ್ಕೆ ಸೇರುತ್ತವೆಂದು ಹೇಳಿತು. ರಬ್ಬರಿನ ವಸ್ತುಗಳಿಗೆ 40ನೆಯ ಅಧ್ಯಾಯ, ಪ್ಲಾಸ್ಟಿಕ್ಕಿಗೆ 39ನೆಯದು ಪ್ರತ್ಯೇಕವಾಗಿವೆ. ಎಲ್ಲ ಮ್ಯಾಟುಗಳನ್ನೂ ಒಂದೇ ಸಂಕೇತದಡಿ ಬಿಲ್ಲು ಮಾಡುವ ಅಂಗಡಿಕಾರರು ತಮ್ಮ ತೆರಿಗೆ ಸಲಹೆಗಾರರೊಂದಿಗೆ ಒಮ್ಮೆ ಸಮಾಲೋಚಿಸುವುದು ಕ್ಷೇಮ.

ಹೊಣೆಗಾರಿಕೆಯ ವಿಷಯ ಇದಕ್ಕಿಂತ ಗಂಭೀರವಾದುದು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಯಾಗಿಸುತ್ತದೆ. ಸರಿಯಾದ ಬಳಕೆಯ ಸೂಚನೆಯನ್ನಾಗಲಿ, ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆಯನ್ನಾಗಲಿ ನೀಡದಿರುವುದೂ ತಯಾರಕರ ಲೋಪವೆಂದೇ ಅದರಲ್ಲಿ ಪರಿಗಣಿತವಾಗಿದೆ. ಆದಕಾರಣ ಮ್ಯಾಟು ಕತ್ತರಿಸಿ ಹೊಲಿಯುವ ಸಣ್ಣ ಘಟಕವಾದರೂ ಹೊದಿಕೆಯ ಮೇಲೆ ಯಾವ ಕಾರಿನ ಯಾವ ವರ್ಷದ ಮಾದರಿಗೆ ಹೊಂದುತ್ತದೆಂದು ಮುದ್ರಿಸಬೇಕು. ಚಾಲಕನ ಹಾಸಿಗೆ ಕೊಕ್ಕೆಯ ತೂತುಗಳನ್ನು ಬಿಡಲೇಬೇಕು. ‘ಒಂದರ ಮೇಲೊಂದು ಹಾಸಬೇಡಿ’ ಎಂಬ ಸೂಚನೆಯನ್ನು ಕನ್ನಡದಲ್ಲಿಯೇ ಹಾಕಬೇಕು. ಎಲ್ಲ ಕಾರುಗಳಿಗೂ ಒಂದೇ ಅಳತೆಯೆಂದು ಮಾರುವ ಮ್ಯಾಟುಗಳಲ್ಲಿ ಈ ಮೂರೂ ಇರುವುದು ಅಪರೂಪ. ಸ್ಥಳೀಯ ತಯಾರಕರು ಇವನ್ನು ಪಾಲಿಸಿದರೆ ಗ್ರಾಹಕರ ವಿಶ್ವಾಸವನ್ನೂ ಗಳಿಸಬಹುದು.

ಒಟ್ಟಿನಲ್ಲಿ, ಈ ನಾಲ್ಕೂ ತಾಲೂಕುಗಳ ಮಿಶ್ರ ನೆಲದಲ್ಲಿ ಓಡುವ ಕಾರಿಗೆ ಅದೇ ಮಾದರಿಗೆಂದು ಅಚ್ಚು ಹಾಕಿದ, ಎತ್ತರದ ಅಂಚಿನ ಟಿಪಿಇ ಅಥವಾ ಉತ್ತಮ ರಬ್ಬರಿನ ಮ್ಯಾಟು ಹೆಚ್ಚು ಸೂಕ್ತ. ನಾಲ್ಕೂ ಕಡೆಗೆ ಅದನ್ನು ಕೊಳ್ಳಲು ಸದ್ಯಕ್ಕೆ ಅನುಕೂಲವಿಲ್ಲದಿದ್ದರೆ ಮೊದಲು ಚಾಲಕನ ಬದಿಗೆ ಕೊಳ್ಳಬೇಕು. ಹಿಂದಿನ ಸೀಟಿನದು ಮುಂದಿನ ಮಳೆಗಾಲದವರೆಗೆ ಕಾಯಬಹುದು.